ಗಾಡಿ ತೊಳೆದ ನೀರು ಎಲ್ಲಿಗೆ ಹೋಗಬೇಕು? ಹುಬ್ಬಳ್ಳಿ-ಧಾರವಾಡದ ಪ್ರೆಶರ್ ವಾಶ್ ಉದ್ಯಮ, ನಿಯಮ ಮತ್ತು ಖರ್ಚಿನ ಲೆಕ್ಕ

ಎರಡು ವರ್ಷಗಳಲ್ಲಿ ಒಂದರ ಹಿಂದೆ ಒಂದು ಸುದ್ದಿ ಬಂತು. 2024ರ ಫೆಬ್ರುವರಿಯಲ್ಲಿ ಸಂಸತ್ತು ಜಲಮಾಲಿನ್ಯ ಕಾಯ್ದೆಗೆ ತಿದ್ದುಪಡಿ ತಂದು, ಹಲವು ಅಪರಾಧಗಳಿಗಿದ್ದ ಜೈಲು ಶಿಕ್ಷೆ ತೆಗೆದು ದಂಡ ಇಟ್ಟಿತು. ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಎಂದಿತು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಮಾಲಿನ್ಯ ತೀರಾ ಕಡಿಮೆ ಇರುವ ‘ಬಿಳಿ’ ವರ್ಗದ ಉದ್ಯಮಗಳಿಗೆ ಮಾಲಿನ್ಯ ಮಂಡಳಿಯ ಸಮ್ಮತಿ ಬೇಡ ಎಂದಿತು. 2025ರ ಜನವರಿಯಲ್ಲಿ ಉದ್ಯಮಗಳ ಬಣ್ಣದ ವರ್ಗೀಕರಣವೇ ಬದಲಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪರಿಸರಕ್ಕಾದ ಹಾನಿಗೆ ಪರಿಹಾರ ವಸೂಲಿ ಮಾಡುವ ಅಧಿಕಾರ ಮಾಲಿನ್ಯ ಮಂಡಳಿಗಳಿಗೆ ಇದೆ ಎಂದು ಹೇಳಿತು.

ಒಂದು ಸುದ್ದಿ ಸಡಿಲ ಮಾಡುತ್ತದೆ, ಇನ್ನೊಂದು ಬಿಗಿ ಮಾಡುತ್ತದೆ. ಗೋಕುಲ ರಸ್ತೆಯಲ್ಲೋ ಹಳೇ ಪಿ.ಬಿ. ರಸ್ತೆಯಲ್ಲೋ ಎರಡು ರ‍್ಯಾಂಪ್ ಇಟ್ಟುಕೊಂಡು ಗಾಡಿ ತೊಳೆಯುವವರು ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಳ್ಳಬೇಕು? ಸಣ್ಣ ಟೆಂಪೋದಲ್ಲಿ ಪ್ರೆಶರ್ ಪಂಪ್ ಹಾಕಿಕೊಂಡು ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್, ಶೋರೂಂ ತೊಳೆಯುವ ಗುತ್ತಿಗೆದಾರರ ಕಥೆ ಏನು? ಗಟಾರಕ್ಕೆ ನೀರು ಬಿಟ್ಟರೆ ಈಗ ತಪ್ಪಾ, ಅಲ್ವಾ?

ತಪ್ಪೇ. ಮೊದಲೂ ತಪ್ಪೇ ಇತ್ತು. ಆದರೆ ಅದನ್ನು ಸರಿಪಡಿಸಲು ಆಗುವ ಖರ್ಚು ಜನ ಅಂದುಕೊಂಡಷ್ಟು ದೊಡ್ಡದಲ್ಲ. ಅಡ್ಡಿ ಇರುವುದು ಬೇರೆ ಕಡೆ.

ಯಾವ ಸುದ್ದಿ ನಮ್ಮೂರಿಗೆ ಅನ್ವಯ?

ಬೆಂಗಳೂರಿನ ದಂಡದ ಆದೇಶ ಬೆಂಗಳೂರಿಗೆ ಮಾತ್ರ. ಅದೂ ಕುಡಿಯುವ ನೀರಿನ ಬಳಕೆ ಬಗ್ಗೆ. ತೊಳೆದ ನೀರು ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಜೈಲು ಶಿಕ್ಷೆ ತೆಗೆದ ತಿದ್ದುಪಡಿ ಮೊದಲು ಜಾರಿಯಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ನೀರು ರಾಜ್ಯಗಳ ವಿಷಯ. ಹಾಗಾಗಿ ಬೇರೆ ಯಾವುದೇ ರಾಜ್ಯಕ್ಕೆ ಅದು ಅನ್ವಯ ಆಗಬೇಕಾದರೆ ಅಲ್ಲಿನ ಶಾಸನಸಭೆ ನಿರ್ಣಯ ಮಾಡಿ ಒಪ್ಪಿಕೊಳ್ಳಬೇಕು. ಇನ್ನೊಂದು ಮಾತು. ಆ ತಿದ್ದುಪಡಿ ಮಾಲಿನ್ಯಕ್ಕೆ ಅನುಮತಿ ಕೊಟ್ಟಿಲ್ಲ. 1974ರ ಕಾಯ್ದೆಯಲ್ಲಿ ಇದಕ್ಕೂ ಮುಂಚೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಇತ್ತು. ತಿದ್ದುಪಡಿಯಲ್ಲಿ ಅದರ ಜಾಗಕ್ಕೆ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಸಣ್ಣ ಉದ್ಯಮಿಯ ವಿಷಯದಲ್ಲಿ ಇದು ನಿಜಕ್ಕೂ ಹೆಚ್ಚು ಗಂಭೀರ. ಯಾಕಂದ್ರೆ ಜೈಲಿಗೆ ಕಳಿಸಲು ಕೋರ್ಟ್‌ನಲ್ಲಿ ವರ್ಷಗಟ್ಟಲೆ ಕೇಸ್ ನಡೆಯಬೇಕು. ದಂಡವನ್ನು ಅಧಿಕಾರಿಯೇ ವಿಚಾರಣೆ ಮಾಡಿ ಹಾಕಬಹುದು.

ಬಿಳಿ ವರ್ಗದ ವಿನಾಯಿತಿಯೂ ಇವರಿಗೆ ಸಿಗುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ಪಟ್ಟಿಯಲ್ಲಿ ವಾಹನ ಸರ್ವಿಸಿಂಗ್, ರಿಪೇರಿ, ಪೇಂಟಿಂಗ್ ಎಲ್ಲ ಕಿತ್ತಳೆ ವರ್ಗದಲ್ಲಿತ್ತು. ಅಂದರೆ ಕೆಂಪಿನ ಕೆಳಗೆ, ಹಸಿರಿನ ಮೇಲೆ. 2025ರಲ್ಲಿ ಬಂದ ಹೊಸ ನೀಲಿ ವರ್ಗ ಮನೆಗಳ ಕಸ, ತ್ಯಾಜ್ಯ ನಿರ್ವಹಿಸುವ ಅಗತ್ಯ ಸೇವೆಗಳಿಗಾಗಿ ಮಾಡಿದ್ದು. ಆದ್ದರಿಂದ ‘ಸಣ್ಣ ಉದ್ಯಮಗಳಿಗೆ ಇನ್ನು ಏನೂ ಬೇಡವಂತೆ’ ಎಂಬ ಮಾತನ್ನು ನಂಬಿ ಕೂರಬಾರದು.

ಆ ನೀರಲ್ಲಿ ಇರುವುದೇನು?

ಬರೀ ಮಣ್ಣು ಅಲ್ವಾ, ಮಣ್ಣು ಗಟಾರಕ್ಕೆ ಹೋದರೇನು ಎಂದು ಕೇಳುವವರು ತುಂಬಾ ಜನ. ಮೇಲ್ನೋಟಕ್ಕೆ ಸರಿ ಅನಿಸುತ್ತದೆ. ಆದರೆ ಗಾಡಿಯ ತಳಭಾಗದಲ್ಲಿ ಅಂಟಿರುವುದು ಬರೀ ಮಣ್ಣಲ್ಲ. ಎಂಜಿನ್ ಆಯಿಲ್, ಗ್ರೀಸ್, ಬ್ರೇಕ್ ಸವೆದು ಬಿದ್ದ ಪುಡಿ, ಟೈರಿನ ಪುಡಿ ಎಲ್ಲ ಸೇರಿರುತ್ತವೆ. ಬ್ರೇಕ್ ಮತ್ತು ಟೈರಿನ ಪುಡಿಯಲ್ಲಿ ತಾಮ್ರ, ಸತುವಿನಂಥ ಲೋಹಗಳು ಇರುತ್ತವೆ. ಗ್ರೀಸ್ ಬಿಡಿಸಲು ಕೆಲವೆಡೆ ಡೀಸೆಲ್ ಅಥವಾ ಸೀಮೆಎಣ್ಣೆ ಹೊಡೆಯುತ್ತಾರೆ. ಮೇಲಿಂದ ಶಾಂಪೂ, ಗ್ರೀಸ್ ಬಿಡಿಸುವ ಡಿಗ್ರೀಸರ್.

ಪ್ರೆಶರ್ ವಾಶ್‌ನಲ್ಲಿ ಒಂದು ವಿಶೇಷ ತೊಂದರೆ ಇದೆ. ಸಾಮಾನ್ಯವಾಗಿ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮೇಲಿಂದ ಬಾಚಿ ತೆಗೆಯಬಹುದು. ಆದರೆ ಜೋರಾಗಿ ನೀರು ಹೊಡೆದಾಗ ಎಣ್ಣೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಸೋಪು ಆ ಹನಿಗಳನ್ನು ಮತ್ತೆ ಒಂದಾಗಲು ಬಿಡುವುದಿಲ್ಲ. ನೀರು ಹಾಲಿನ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅದು ಇದೇ. ಹೀಗಾದ ಎಣ್ಣೆ ಬೇಗ ತೇಲುವುದಿಲ್ಲ. ಹಾಗಾಗಿ ಒಂದು ಸಣ್ಣ ಗುಂಡಿ ತೋಡಿ ‘ಆಯಿಲ್ ಟ್ರ್ಯಾಪ್ ಇದೆ’ ಎಂದರೆ ಸಾಲುವುದಿಲ್ಲ. ಡಿಗ್ರೀಸರ್ ಜಾಸ್ತಿ ಆದಷ್ಟೂ ಟ್ರ್ಯಾಪ್ ಕೆಲಸ ಕಡಿಮೆ ಆಗುತ್ತದೆ.

ಎಣ್ಣೆ ಎಷ್ಟು ಕೆಟ್ಟದ್ದು ಅಂತ ಒಂದು ಲೆಕ್ಕ ಹಾಕಿ ನೋಡಬಹುದು. ನಾಲಾ, ಕೆರೆ, ನದಿಗೆ ಬಿಡುವ ನೀರಲ್ಲಿ ಲೀಟರ್‌ಗೆ 10 ಮಿಲಿಗ್ರಾಂ ಎಣ್ಣೆ-ಗ್ರೀಸ್ ಇರಬಹುದು ಅನ್ನುತ್ತದೆ ನಿಯಮ. ಒಂದು ಲೀಟರ್ ಎಂಜಿನ್ ಆಯಿಲ್ ಸುಮಾರು 900 ಗ್ರಾಂ ತೂಗುತ್ತದೆ. ಅಂದರೆ ಆ ಒಂದೇ ಲೀಟರ್ 90,000 ಲೀಟರ್ ನೀರನ್ನು ಮಿತಿಯ ಅಂಚಿಗೆ ತರುತ್ತದೆ. ಐದು ಸಾವಿರ ಲೀಟರ್‌ನ 18 ಟ್ಯಾಂಕರ್.

ಗಟಾರದಿಂದ ಮುಂದೆ

ಹುಬ್ಬಳ್ಳಿಯ ರಸ್ತೆ ಬದಿ ಗಟಾರಗಳು ಕೊನೆಗೆ ಸೇರುವುದು ನಾಲಾಗಳನ್ನು. ಉಣಕಲ್ ಕೆರೆಯಿಂದ ಹೊರಟ ನಾಲಾ ಊರ ನಡುವೆಯೇ ಹರಿಯುತ್ತದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅದರ ದಂಡೆಗೆ ಹಸಿರು ಕಾರಿಡಾರ್ ಕಟ್ಟಲಾಯಿತು. ದಂಡೆ ಚಂದ ಮಾಡಿದರೂ ಒಳಗೆ ಹರಿಯುವ ನೀರು ಬದಲಾಗಬೇಕಾದರೆ ಅದಕ್ಕೆ ಸೇರುವ ಸಾವಿರಾರು ಸಣ್ಣ ಗಟಾರಗಳ ನೀರು ಬದಲಾಗಬೇಕು.

ಊರು ದಾಟಿದ ಮೇಲೂ ಕಥೆ ಮುಗಿಯುವುದಿಲ್ಲ. ಹುಬ್ಬಳ್ಳಿಯ ದಕ್ಷಿಣಕ್ಕೆ ಬಿಡ್ನಾಳ, ಗಬ್ಬೂರು ಕಡೆಯ ರೈತರು ದಶಕಗಳಿಂದ ಈ ನಾಲಾ ನೀರನ್ನು ಪಂಪ್ ಮಾಡಿ ಹೊಲಕ್ಕೆ ಬಿಟ್ಟಿದ್ದಾರೆ. ಬೇಸಿಗೆಯಲ್ಲೂ ಬತ್ತದ ನೀರು ಅದೊಂದೇ. ಆ ನೀರಲ್ಲಿ ತರಕಾರಿಯೂ ಬೆಳೆದಿದೆ. ಮನೆ ಕೊಳಚೆಯಲ್ಲಿ ಬೆಳೆಗೆ ಬೇಕಾದ ಸಾರಜನಕ, ರಂಜಕವಾದರೂ ಇರುತ್ತದೆ. ಆಯಿಲ್‌ನಲ್ಲಿ, ಬ್ರೇಕ್ ಪುಡಿಯಲ್ಲಿ ಬೆಳೆಗೆ ಬೇಕಾದದ್ದು ಏನೂ ಇಲ್ಲ. ಲೋಹ ಒಮ್ಮೆ ಮಣ್ಣಿಗೆ ಸೇರಿದರೆ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಗಾಡಿ ತೊಳೆಸಿಕೊಂಡವರ ಉಳಿತಾಯದ ಬೆಲೆಯನ್ನು ಗಾಡಿಯೇ ಇಲ್ಲದ ರೈತ ತನ್ನ ಹೊಲದ ಮಣ್ಣಲ್ಲಿ ಕೊಡುತ್ತಿದ್ದಾನೆ. ಇದು ಅನ್ಯಾಯ.

ನೀರಲ್ಲಿ ಬಂದ ಮಣ್ಣು ಗಟಾರದ ತಳದಲ್ಲೇ ಕೂರುತ್ತದೆ. ಜೂನ್‌ನಲ್ಲಿ ಮೊದಲ ದೊಡ್ಡ ಮಳೆ ಬಂದಾಗ ಗಟಾರ ಉಕ್ಕಿ ಅಕ್ಕಪಕ್ಕದ ಅಂಗಡಿಗೆ ನೀರು ನುಗ್ಗಲು ಇದೂ ಒಂದು ಕಾರಣ.

ಗಟಾರ ಬೇರೆ, ಒಳಚರಂಡಿ (ಯುಜಿಡಿ) ಬೇರೆ

ಜಲಮಾಲಿನ್ಯ ಕಾಯ್ದೆಯ 24ನೇ ಕಲಂ ಹೇಳುವುದು ಇಷ್ಟು: ಮಿತಿ ಮೀರಿದ ಮಲಿನ ವಸ್ತುವನ್ನು ಹಳ್ಳ, ಬಾವಿ, ಚರಂಡಿ ಅಥವಾ ನೆಲದ ಮೇಲೆ ಗೊತ್ತಿದ್ದೂ ಯಾರೂ ಬಿಡಬಾರದು, ಬಿಡಲು ಅವಕಾಶ ಕೊಡಲೂಬಾರದು. ಇಲ್ಲಿ ಚರಂಡಿ ಎಂದರೆ ಮುಚ್ಚಿದ ಪೈಪು ಮಾತ್ರವಲ್ಲ. ಕೊಳಚೆ ಹರಿಯುವ ತೆರೆದ ಕಾಲುವೆಯೂ ಅದರಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ ಹಳ್ಳವೂ ಕಾನೂನಿನ ಕಣ್ಣಲ್ಲಿ ಹಳ್ಳವೇ. ನೆಲದಡಿಯ ನೀರೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಕೆಟ್ಟುಹೋದ ಬೋರ್‌ವೆಲ್‌ಗೆ ತೊಳೆದ ನೀರು ಬಿಡುವುದು ಬಹಳ ದೊಡ್ಡ ತಪ್ಪು. ಗಟಾರದ ಕೊಳೆ ಕಣ್ಣಿಗೆ ಕಾಣುತ್ತದೆ. ಬೋರ್‌ಗೆ ಇಳಿಸಿದ್ದು ಪಕ್ಕದ ಮನೆಯ ಬೋರ್‌ನಲ್ಲಿ ಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲಿಗೆ ಬಿಡುತ್ತೀರಿ ಎಂಬುದರ ಮೇಲೆ ಮಿತಿ ಬದಲಾಗುತ್ತದೆ. ಗಾಡಿ ತೊಳೆಯುವವರಿಗೆ ಇದು ತುಂಬಾ ಮುಖ್ಯವಾದ ವಿಷಯ. ನಾಲಾ ಅಥವಾ ಕೆರೆಗೆ ಹೋಗುವ ನೀರಾದರೆ ನೀರಲ್ಲಿ ಕರಗದೆ ತೇಲಾಡುವ ಘನವಸ್ತು ಲೀಟರ್‌ಗೆ 100 ಮಿಲಿಗ್ರಾಂ ಮೀರಬಾರದು, ಎಣ್ಣೆ-ಗ್ರೀಸ್ 10 ಮೀರಬಾರದು. ಶುದ್ಧೀಕರಣ ಘಟಕಕ್ಕೆ ಸೇರುವ ಒಳಚರಂಡಿ, ಅಂದರೆ ಯುಜಿಡಿಗೆ ಬಿಡುವುದಾದರೆ ಘನವಸ್ತು 600, ಎಣ್ಣೆ 20 ಮಿಲಿಗ್ರಾಂವರೆಗೆ ಇರಬಹುದು. ಎರಡಕ್ಕೂ ಆಮ್ಲೀಯತೆಯ ಅಳತೆಯಾದ ಪಿಎಚ್ 5.5ರಿಂದ 9ರ ಒಳಗೆ ಇರಬೇಕು.

100 ಮತ್ತು 600ರ ನಡುವೆ ದೊಡ್ಡ ಅಂತರ ಇದೆ. ಮೂರು ಭಾಗದ ಒಂದು ಒಳ್ಳೆಯ ಕೆಸರು-ಎಣ್ಣೆ ತೊಟ್ಟಿ ಕಟ್ಟಿ, ಡಿಗ್ರೀಸರ್ ಮಿತಿಯಲ್ಲಿ ಬಳಸಿದರೆ ಯುಜಿಡಿಯ ಮಿತಿ ಕೈಗೆ ಸಿಗುವಂಥದ್ದು. ನಾಲಾದ ಮಿತಿ ತಲುಪಲು ಪಟಿಕದಂಥ ರಾಸಾಯನಿಕ, ಮರಳಿನ ಫಿಲ್ಟರ್ ಎಲ್ಲ ಬೇಕು. ಹಾಗಾಗಿ ಸೆಂಟರ್ ಮುಂದೆ ಯುಜಿಡಿ ಇದೆಯಾ ಇಲ್ವಾ ಎಂಬುದೇ ಮಾಲೀಕನ ಖರ್ಚನ್ನು ನಿರ್ಧರಿಸುತ್ತದೆ. ಯುಜಿಡಿ ಇದ್ದರೂ ಸುಮ್ನೆ ಪೈಪ್ ಜೋಡಿಸುವಂತಿಲ್ಲ, ಪಾಲಿಕೆಯ ಅನುಮತಿ ಬೇಕು. ತೊಟ್ಟಿ ಇಲ್ಲದೆ ನೇರ ಬಿಟ್ಟರೆ ಮಣ್ಣು ಪೈಪಿನಲ್ಲಿ ಕೂತು ಮ್ಯಾನ್‌ಹೋಲ್ ಉಕ್ಕುತ್ತದೆ. ಎಣ್ಣೆ ಮುಂದೆ ಹೋಗಿ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳ ಕೆಲಸ ಕೆಡಿಸುತ್ತದೆ.

ಇಂಗುಗುಂಡಿ ಮಾಡಿದರಾಯಿತು ಅನ್ನುವ ಸಲಹೆ ನಮ್ಮ ಕಡೆ ನಡೆಯುವುದಿಲ್ಲ. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ, ಗದಗ ಕಡೆಗೆ ಇರುವುದು ಎರೆ ಮಣ್ಣು. ನೀರು ಬಿದ್ದ ಕೂಡಲೇ ಅದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಇಂಗುವುದಿಲ್ಲ, ಗುಂಡಿ ತುಂಬಿ ಮತ್ತೆ ಗಟಾರಕ್ಕೇ ಬರುತ್ತದೆ. ಧಾರವಾಡದ ಪಶ್ಚಿಮದ ಕೆಂಪು ಮಣ್ಣಲ್ಲಿ ನೀರು ಇಂಗುತ್ತದೆ ನಿಜ. ಆದರೆ ಅಲ್ಲಿ ಎಣ್ಣೆಯೂ ಸೇರಿ ಅಂತರ್ಜಲಕ್ಕೆ ಇಳಿಯುತ್ತದೆ.

ಒಂದು ಗಾಡಿಗೆ ಎಷ್ಟು ಬೀಳುತ್ತದೆ?

ದಿನಕ್ಕೆ 15 ಕಾರು, 20 ಬೈಕ್ ತೊಳೆಯುವ ಒಂದು ಸೆಂಟರ್ ಇಟ್ಟುಕೊಳ್ಳೋಣ. ಕಾರಿಗೆ 150 ಲೀಟರ್, ಬೈಕ್‌ಗೆ 50 ಲೀಟರ್ ನೀರು ಎಂದು ಹಿಡಿದರೆ ದಿನಕ್ಕೆ 3,250 ಲೀಟರ್. ಎಂಟು ತಾಸು ಕೆಲಸ ನಡೆದರೆ ತಾಸಿಗೆ ಸುಮಾರು 400 ಲೀಟರ್. 2,000 ಲೀಟರ್‌ನ ಮೂರು ಭಾಗದ ತೊಟ್ಟಿ ಇದ್ದರೆ ನೀರು ಐದು ತಾಸು ಒಳಗೆ ನಿಲ್ಲುತ್ತದೆ. ಮಣ್ಣು ತಳಕ್ಕೆ ಕೂರಲು, ಬಿಡಿ ಎಣ್ಣೆ ಮೇಲೆ ಬರಲು ಇದು ಒಳ್ಳೆಯ ಸಮಯ.

ತೊಟ್ಟಿ, ಪೈಪು, ಜಾಲರಿ, ರ‍್ಯಾಂಪ್ ಮೇಲೆ ತಗಡಿನ ಚಾವಣಿ ಎಲ್ಲ ಸೇರಿ ಒಂದೂವರೆ ಲಕ್ಷ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸಾಲ ಮಾಡಿ ಐದು ವರ್ಷದಲ್ಲಿ ತೀರಿಸಿದರೆ ಬಡ್ಡಿ ಸೇರಿ ಎರಡು ಲಕ್ಷ, ವರ್ಷಕ್ಕೆ 40,000. ಕೆಸರು ತೆಗೆಯಲು, ಸಾಗಿಸಲು, ಸಣ್ಣಪುಟ್ಟ ದುರಸ್ತಿಗೆ ತಿಂಗಳಿಗೆ 5,000 ಹಿಡಿದರೆ ವರ್ಷಕ್ಕೆ 60,000. ಒಟ್ಟು ಒಂದು ಲಕ್ಷ. ವರ್ಷಕ್ಕೆ 300 ದಿನದ ಕೆಲಸದಲ್ಲಿ ಕಾರಿಗೆ 15 ರೂಪಾಯಿ, ಬೈಕ್‌ಗೆ 6 ರೂಪಾಯಿ ಜಾಸ್ತಿ ತಗೊಂಡರೆ 1,03,500 ರೂಪಾಯಿ ಬರುತ್ತದೆ. ಖರ್ಚು ತೀರಿತು.

ಚಾವಣಿಯ ಖರ್ಚು ಯಾಕೆ ಅಂತ ಕೇಳಬಹುದು. ನೂರು ಚದರ ಮೀಟರ್‌ನ ತೆರೆದ ಜಾಗದಲ್ಲಿ 30 ಮಿಲಿಮೀಟರ್ ಮಳೆ ಬಿದ್ದರೆ 3,000 ಲೀಟರ್ ನೀರು. ಅಂದರೆ ಇಡೀ ದಿನ ತೊಳೆದಷ್ಟೇ ನೀರು ಒಂದೇ ತಾಸಿನಲ್ಲಿ ತೊಟ್ಟಿಗೆ ನುಗ್ಗುತ್ತದೆ. ವಾರಗಟ್ಟಲೆ ಹಿಡಿದಿಟ್ಟ ಎಣ್ಣೆ, ಕೆಸರು ಎಲ್ಲ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಚಾವಣಿ ಇಲ್ಲದ ತೊಟ್ಟಿ ಮಳೆಗಾಲದಲ್ಲಿ ಇದ್ದೂ ಇಲ್ಲದಂತೆ.

ಇನ್ನೊಂದು ಹಂತ ಮುಂದೆ ಹೋಗಿ ಮರಳು ಮತ್ತು ಇದ್ದಿಲಿನ ಫಿಲ್ಟರ್ ಹಾಕಿ, ನೀರಿನ ಶೇ 60ನ್ನು ಮತ್ತೆ ಬಳಸಿದರೆ? ದಿನಕ್ಕೆ 1,950 ಲೀಟರ್ ಉಳಿಯುತ್ತದೆ. ವರ್ಷಕ್ಕೆ 5.85 ಲಕ್ಷ ಲೀಟರ್, ಅಂದರೆ 117 ಟ್ಯಾಂಕರ್. ಟ್ಯಾಂಕರ್‌ಗೆ 600 ರೂಪಾಯಿ ಎಂದು ಹಿಡಿದರೂ 70,200 ರೂಪಾಯಿ ಉಳಿತಾಯ. ಬಳಸಿದ ನೀರನ್ನೇ ತಿರುಗಿಸಿದಾಗ ಅದರಲ್ಲಿ ಉಪ್ಪಿನಂಶ ಏರುತ್ತಾ ಹೋಗುತ್ತದೆ, ಗಾಡಿಯ ಮೇಲೆ ಬಿಳಿ ಕಲೆ ಕೂರುತ್ತದೆ. ಆದ್ದರಿಂದ ಕೊನೆಯ ತೊಳೆತಕ್ಕೆ ಹೊಸ ನೀರು ಬೇಕೇ ಬೇಕು. ಬೋರ್ ನೀರೇ ಗಡಸಾಗಿರುವ ಗದಗ ಕಡೆ ಈ ತೊಂದರೆ ಇನ್ನೂ ಜಾಸ್ತಿ.

ಈ ಉಳಿತಾಯ ಕಾಣುವುದು ಟ್ಯಾಂಕರ್ ನೀರು ಕೊಳ್ಳುವವರಿಗೆ ಮಾತ್ರ. ಸ್ವಂತ ಬೋರ್ ಇದ್ದವರಿಗೆ ಕರೆಂಟ್ ಬಿಲ್ ಬಿಟ್ಟರೆ ನೀರು ಬಿಟ್ಟಿ ಬಂದ ಹಾಗೆ ಕಾಣುತ್ತದೆ. ಮರುಬಳಕೆಗೆ ಹಣ ಹಾಕಲು ಅವರಿಗೆ ಕಾರಣವೇ ಸಿಗುವುದಿಲ್ಲ. ಒಂದು ಕಡೆ 2008ರಿಂದ ಕೆಲವು ವಾರ್ಡ್‌ಗಳಿಗೆ 24 ಗಂಟೆ ನೀರು ಕೊಟ್ಟ ಊರು ಇದು. ಇನ್ನೊಂದು ಕಡೆ ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾದ ಬಡಾವಣೆಗಳೂ ಇಲ್ಲೇ ಇವೆ. ಅಂಥ ಕಡೆ ನೆಲದಡಿಯ ನೀರನ್ನು ಒಮ್ಮೆ ಬಳಸಿ ಗಟಾರಕ್ಕೆ ಬಿಡುವುದು ಲೆಕ್ಕಕ್ಕೆ ಬಾರದ ನಷ್ಟ.

ದಂಡದ ಲೆಕ್ಕ

ಕೇಂದ್ರ ಮಂಡಳಿಯ ಬಳಿ ಪರಿಸರ ಪರಿಹಾರದ ಒಂದು ಸೂತ್ರ ಇದೆ. ಐದು ಅಂಕಿಗಳನ್ನು ಗುಣಿಸುತ್ತಾರೆ. ಮಾಲಿನ್ಯ ಸೂಚ್ಯಂಕ ಕಿತ್ತಳೆ ವರ್ಗಕ್ಕೆ 50. ತಪ್ಪು ನಡೆದ ದಿನಗಳು. ರೂಪಾಯಿ ಅಂಶ 100ರಿಂದ 500, ಸಾಮಾನ್ಯವಾಗಿ 250. ಸಣ್ಣ ಉದ್ಯಮಕ್ಕೆ 0.5. ಊರಿನ ಜನಸಂಖ್ಯೆ 10 ಲಕ್ಷಕ್ಕಿಂತ ಕಡಿಮೆ ಇದ್ದರೆ 1, 10ರಿಂದ 50 ಲಕ್ಷದ ಒಳಗಿದ್ದರೆ 1.25, ಅದಕ್ಕೂ ದೊಡ್ಡ ಊರಿಗೆ ಇನ್ನೂ ಜಾಸ್ತಿ.

2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಆ ಲೆಕ್ಕದಲ್ಲಿ ಒಂದು ಸಣ್ಣ ಸೆಂಟರ್‌ಗೆ ದಿನಕ್ಕೆ 6,250 ರೂಪಾಯಿ. ತಿಂಗಳಿಗೆ 1,87,500. ತೊಟ್ಟಿ ಕಟ್ಟುವ ಒಂದೂವರೆ ಲಕ್ಷ ಇದಕ್ಕಿಂತ ಕಡಿಮೆ. ಸೂತ್ರದಲ್ಲಿ ಲೆಕ್ಕ ಎಷ್ಟೇ ಕಡಿಮೆ ಬಂದರೂ ದಿನಕ್ಕೆ 5,000ಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಸುಪ್ರೀಂ ಕೋರ್ಟ್‌ನ 2025ರ ತೀರ್ಪು ಮುಖ್ಯವಾಗುವುದು ಇಲ್ಲೇ. ಮಂಡಳಿಗೆ ಇಂಥ ಹಣ ವಸೂಲಿ ಮಾಡುವ ಅಧಿಕಾರ ಇದೆಯಾ ಎಂಬ ಪ್ರಶ್ನೆಗೆ ಕೋರ್ಟ್ ಇದೆ ಎಂದಿತು. ಜೊತೆಗೆ ಒಂದು ಷರತ್ತನ್ನೂ ಹಾಕಿತು. ಅದಕ್ಕೆ ಸರಿಯಾದ ನಿಯಮಾವಳಿ ಮಾಡಿ, ಸಹಜ ನ್ಯಾಯದ ಕ್ರಮ ಪಾಲಿಸಿಯೇ ವಸೂಲಿ ಮಾಡಬೇಕು. ನೋಟಿಸ್ ಕೊಡದೆ, ಮಾತು ಕೇಳದೆ ದಂಡ ಹಾಕುವಂತಿಲ್ಲ. ಇದು ಸಣ್ಣವರಿಗೆ ರಕ್ಷಣೆ.

ದಂಡಕ್ಕಿಂತ ಬೇಗ ಬಿಸಿ ಮುಟ್ಟಿಸುವುದು 33ಎ ಕಲಂ. ಇದರಡಿ ಉದ್ಯಮ ಮುಚ್ಚಲು, ಕರೆಂಟ್ ಮತ್ತು ನೀರು ಕಡಿತ ಮಾಡಲು ಮಂಡಳಿ ಆದೇಶ ಕೊಡಬಹುದು. ಮಂಡಳಿಯ ಆದೇಶ ಹೆಸ್ಕಾಂಗೆ ಹೋದರೆ ಪಂಪ್ ನಿಂತಿತು, ಅಂದಿನಿಂದಲೇ ದುಡಿಮೆ ನಿಂತಿತು. ಸಮ್ಮತಿಗೆ ಅರ್ಜಿ ಹಾಕಿದವರಿಗೂ ಕಾಯ್ದೆಯಲ್ಲಿ ಒಂದು ಅನುಕೂಲ ಇದೆ. ನಾಲ್ಕು ತಿಂಗಳಲ್ಲಿ ಮಂಡಳಿ ಕೊಡುವುದಿಲ್ಲ ಎಂದು ಹೇಳದಿದ್ದರೆ ಸಮ್ಮತಿ ಸಿಕ್ಕಿದೆ ಎಂದೇ ಅರ್ಥ. ಅರ್ಜಿಯನ್ನೇ ಹಾಕದವರಿಗೆ ಇದು ಸಿಗುವುದಿಲ್ಲ.

ಊರೆಲ್ಲ ಓಡಾಡುವ ಗುತ್ತಿಗೆದಾರರು

ಸೆಂಟರ್‌ಗೆ ಒಂದು ಜಾಗ ಇದೆ, ತೊಟ್ಟಿ ಕಟ್ಟಬಹುದು. ಟೆಂಪೋದಲ್ಲಿ ಪಂಪ್ ಇಟ್ಟುಕೊಂಡು ಹೋಗುವ ಗುತ್ತಿಗೆದಾರರಿಗೆ ಜಾಗವೇ ಇಲ್ಲ. ಇವತ್ತು ಪೆಟ್ರೋಲ್ ಬಂಕ್, ನಾಳೆ ಹೋಟೆಲ್ ಅಡುಗೆಮನೆ, ನಾಡಿದ್ದು ಓವರ್‌ಹೆಡ್ ಟ್ಯಾಂಕ್. ಆ ನೀರಿನ ಹೊಣೆ ಯಾರದ್ದು?

ಕಾಯ್ದೆ ವ್ಯಾಪಾರದ ತ್ಯಾಜ್ಯನೀರನ್ನು ಜಾಗದ ಲೆಕ್ಕದಲ್ಲಿ ನೋಡುತ್ತದೆ. ಉದ್ಯಮ ನಡೆಯುವ ಆವರಣದಿಂದ ಹೊರಬಂದ ನೀರು ಎಂದರೆ ಮೊದಲ ಹೊಣೆ ಜಾಗದ ಮಾಲೀಕರದ್ದು. ಆದರೆ 24ನೇ ಕಲಂ ‘ಯಾವುದೇ ವ್ಯಕ್ತಿ’ ಎನ್ನುತ್ತದೆ. ಗೊತ್ತಿದ್ದೂ ಬಿಟ್ಟವರು ಗುತ್ತಿಗೆದಾರರು, ಬಿಡಲು ಅವಕಾಶ ಕೊಟ್ಟವರು ಮಾಲೀಕರು. ಇಬ್ಬರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೆಲಸ ಒಪ್ಪುವ ಮುಂಚೆಯೇ ನೀರು ಎಲ್ಲಿಗೆ ಹೋಗುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಎಲ್ಲ ನೀರೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಸೋಪು ಹಾಕದೆ ಸೋಲಾರ್ ಪ್ಯಾನೆಲ್ ತೊಳೆದರೆ ಬರುವುದು ಧೂಳಿನ ನೀರು, ಗಿಡಕ್ಕೆ ಹಾಕಬಹುದು. ಬಂಕ್‌ನ ನೆಲ ತೊಳೆದ ನೀರು ಹಾಗಲ್ಲ, ಅದರಲ್ಲಿ ಎಣ್ಣೆ ಖಚಿತ. ಟೈಲ್ಸ್ ಮೇಲಿನ ಕಲೆಗೆ ಆ್ಯಸಿಡ್ ವಾಶ್ ಮಾಡಿದ ನೀರಿನ ಪಿಎಚ್ 5.5ಕ್ಕಿಂತ ಎಷ್ಟೋ ಕೆಳಗೆ ಇರುತ್ತದೆ. ಅದನ್ನು ಸುಣ್ಣದ ನೀರಿನಿಂದ ಸರಿದೂಗಿಸದೆ ಎಲ್ಲಿಗೂ ಬಿಡಬಾರದು. ಹಳೆಯ ಗೋಡೆ ತೊಳೆದಾಗ ಬಣ್ಣದ ಚಕ್ಕೆ ಉದುರುತ್ತದೆ. ಅದನ್ನು ಬಟ್ಟೆಯಲ್ಲೋ ಜಾಲರಿಯಲ್ಲೋ ಹಿಡಿಯಬೇಕು.

ಇವರ ಖರ್ಚು ಕಡಿಮೆ ಮಾಡುವ ದಾರಿ ನೀರು ಹಾಕುವ ಮುಂಚೆಯೇ ಶುರುವಾಗುತ್ತದೆ. ಮೊದಲು ಕಸಬರಿಗೆಯಲ್ಲಿ ಗುಡಿಸಿ, ಎಣ್ಣೆ ಇರುವ ಕಡೆ ಕಟ್ಟಿಗೆಯ ಹೊಟ್ಟು ಹಾಕಿ ಒರೆಸಿ ತೆಗೆದರೆ ನೀರಿಗೆ ಸೇರುವ ಕೊಳೆ ಎಷ್ಟೋ ತಗ್ಗುತ್ತದೆ. ಆಮೇಲೆ ಹತ್ತಿರದ ಗಟಾರದ ಬಾಯಿ ಮುಚ್ಚಿ, ನೀರನ್ನು ಒಂದು ಕಡೆ ಕೂಡಿಸಿ, ವೆಟ್ ವ್ಯಾಕ್ಯೂಮ್‌ನಿಂದ ಎತ್ತಿ ಡ್ರಮ್‌ಗೆ ತುಂಬಬೇಕು. ಆ ಜಾಗದಲ್ಲೇ ಎಣ್ಣೆ ತೊಟ್ಟಿ ಮತ್ತು ಯುಜಿಡಿ ಇದ್ದರೆ ಮಾಲೀಕರ ಒಪ್ಪಿಗೆಯಿಂದ ಅಲ್ಲಿಗೇ ಬಿಡಬಹುದು. ಇಲ್ಲದಿದ್ದರೆ ಡ್ರಮ್ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಗುತ್ತಿಗೆದಾರರ ಕೈಯಲ್ಲಿ ಇಲ್ಲ.

ಕೆಸರು ಎಂಬ ನಿಜವಾದ ಕಗ್ಗಂಟು

ತೊಟ್ಟಿ ಕಟ್ಟಿದ ಮೇಲೆ ಅದರ ತಳದಲ್ಲಿ ಎಣ್ಣೆ ಕೆಸರು ಕೂರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಆಯಿಲ್ ಇದೆ, ಎಣ್ಣೆ ಸೇರಿದ ತ್ಯಾಜ್ಯವೂ ಇದೆ. ಎಣ್ಣೆ ಹೀರಿದ ಹೊಟ್ಟು ಕೂಡ ಅದೇ ಗುಂಪಿಗೆ ಸೇರುತ್ತದೆ. ಇದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಅಧಿಕೃತರಿಗೇ ಕೊಡಬೇಕು, ದಾಖಲೆ ಇಡಬೇಕು.

ಬಳಸಿದ ಎಂಜಿನ್ ಆಯಿಲ್‌ಗೆ ಬೆಲೆ ಇದೆ, ಕೊಳ್ಳುವವರು ಬಾಗಿಲಿಗೇ ಬರುತ್ತಾರೆ. ಕೆಸರಿಗೆ ಬೆಲೆ ಇಲ್ಲ. ಒಂದು ಸೆಂಟರ್‌ನ ಒಂದೆರಡು ಡ್ರಮ್ ಕೆಸರಿಗಾಗಿ ದೂರದಿಂದ ಲಾರಿ ಕರೆಸಿದರೆ ಸಾಗಾಣಿಕೆಯ ಖರ್ಚೇ ಮೈಮೇಲೆ ಬೀಳುತ್ತದೆ. ಆಗ ಏನಾಗುತ್ತದೆ? ನೀರಿನಿಂದ ಬೇರ್ಪಡಿಸಿದ ಕೆಸರು ರಾತ್ರಿ ಯಾವುದೋ ಖಾಲಿ ಸೈಟಿಗೋ ಬೈಪಾಸ್ ಬದಿಗೋ ಹೋಗುತ್ತದೆ. ಮಳೆ ಬಂದಾಗ ಅದೇ ನಾಲಾಕ್ಕೆ ಇಳಿಯುತ್ತದೆ. ನೀರಿನ ನಿಯಮ ಪಾಲಿಸಿದ ಹಾಗಾಯಿತು, ಕೊಳೆ ಮಾತ್ರ ಎಲ್ಲಿ ಸೇರಬಾರದಿತ್ತೋ ಅಲ್ಲಿಗೇ ಸೇರಿತು. ಮೇಲಿನ ಲೆಕ್ಕದಲ್ಲಿ ತಿಂಗಳಿಗೆ 5,000 ಇಟ್ಟಿದ್ದು ಸಾಕಾಗಬೇಕಾದರೆ ಹತ್ತಾರು ಸೆಂಟರ್‌ಗಳ ಕೆಸರನ್ನು ಒಂದೇ ಗಾಡಿ ಸುತ್ತಿ ಸಂಗ್ರಹಿಸಬೇಕು. ಒಬ್ಬೊಬ್ಬರೇ ಮಾಡಿದರೆ ಆ ಹಣ ಸಾಲುವುದಿಲ್ಲ.

ತೊಟ್ಟಿ ಸ್ವಚ್ಛ ಮಾಡುವ ಕೆಲಸದ ಬಗ್ಗೆ ಒಂದು ಎಚ್ಚರ. ಮುಚ್ಚಿದ ತೊಟ್ಟಿಯಲ್ಲಿ ಕೊಳೆತ ಕೆಸರಿನಿಂದ ವಿಷಾನಿಲ ಹುಟ್ಟುತ್ತದೆ, ಪೆಟ್ರೋಲ್ ಆವಿಯೂ ಸೇರಿರಬಹುದು. ಕೆಲಸದ ಹುಡುಗರನ್ನು ಒಳಗೆ ಇಳಿಸಲೇಬಾರದು. ಮೇಲಿಂದಲೇ ತೆಗೆಯುವಷ್ಟು ಆಳದ ತೊಟ್ಟಿ ಕಟ್ಟಬೇಕು, ಇಲ್ಲವೇ ಸಕ್ಕಿಂಗ್ ಯಂತ್ರ ಬಳಸಬೇಕು. ಹಣ ಉಳಿಸಲು ಜೀವ ಪಣಕ್ಕೆ ಇಡುವ ಹಕ್ಕು ಯಾರಿಗೂ ಇಲ್ಲ.

ಯಾರ ವಾದ ಎಷ್ಟು ಸರಿ?

ಸೆಂಟರ್ ಮಾಲೀಕರ ವಾದ ಹೀಗಿರುತ್ತದೆ: ಇಡೀ ಊರಿನ ಕೊಳಚೆಯೇ ನಾಲಾಕ್ಕೆ ಹರಿಯುವಾಗ ನಮ್ಮ ಮೂರು ಸಾವಿರ ಲೀಟರ್ ಹಿಡಿದು ಏನು ಮಾಡುತ್ತೀರಿ? ಪ್ರಮಾಣದ ದೃಷ್ಟಿಯಿಂದ ಈ ಮಾತಲ್ಲಿ ಹುರುಳಿದೆ. ಆದರೆ ಮನೆ ಕೊಳಚೆಯನ್ನು ಗಬ್ಬೂರಿನಂಥ ಶುದ್ಧೀಕರಣ ಘಟಕ ತೊಳೆಯಬಲ್ಲದು. ಎಣ್ಣೆ, ಲೋಹಗಳನ್ನು ತೆಗೆಯಲು ಆ ಘಟಕಗಳನ್ನು ಕಟ್ಟಿಲ್ಲ. ಅವನ್ನು ಹುಟ್ಟಿದ ಜಾಗದಲ್ಲೇ ಹಿಡಿಯುವುದು ಅಗ್ಗ, ಆಮೇಲೆ ಹಿಡಿಯುವುದು ಅಸಾಧ್ಯ ಎನ್ನುವಷ್ಟು ದುಬಾರಿ.

ಅವರ ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ನಾನು 15 ರೂಪಾಯಿ ಜಾಸ್ತಿ ಕೇಳಿದರೆ ಗಿರಾಕಿ ಪಕ್ಕದ ಸೆಂಟರ್‌ಗೆ ಹೋಗುತ್ತಾನೆ, ಅವನು ಗಟಾರಕ್ಕೇ ಬಿಡುತ್ತಾನೆ. ಇದು ಪೂರ್ತಿ ನಿಜ. 15 ರೂಪಾಯಿ ಯಾರಿಗೂ ಹೊರೆ ಅಲ್ಲ. ಆದರೆ ಒಬ್ಬನೇ ಹೊತ್ತರೆ ಅದೇ ಅವನ ವ್ಯಾಪಾರ ಕೆಡಿಸುತ್ತದೆ. ನಿಯಮ ಪಾಲಿಸಿದವರಿಗೆ ನಷ್ಟ, ಪಾಲಿಸದವರಿಗೆ ಲಾಭ ಎಂಬ ಸ್ಥಿತಿ ಇರುವವರೆಗೆ ಯಾರೂ ಮೊದಲ ಹೆಜ್ಜೆ ಇಡುವುದಿಲ್ಲ. ದೂರು ಬಂದ ಒಬ್ಬರಿಗೆ ಮಾತ್ರ ನೋಟಿಸ್ ಕೊಡುವ ಕ್ರಮ ಇದನ್ನು ಇನ್ನಷ್ಟು ಕೆಡಿಸುತ್ತದೆ. ಎಲ್ಲರಿಗೂ ಒಂದೇ ದಿನಾಂಕ, ಒಂದೇ ಅಳತೆಯ ತೊಟ್ಟಿ ಎಂದರೆ ದರ ಎಲ್ಲ ಕಡೆ ಒಟ್ಟಿಗೆ ಏರುತ್ತದೆ. ಗಿರಾಕಿ ಬೇರೆ ಕಡೆ ಓಡಲು ಕಾರಣ ಉಳಿಯುವುದಿಲ್ಲ.

ಮಂಡಳಿಯ ಕಡೆಯಿಂದ ನೋಡಿದರೆ ಧಾರವಾಡದ ಪ್ರಾದೇಶಿಕ ಕಚೇರಿಗೆ ದೊಡ್ಡ ಕಾರ್ಖಾನೆಗಳೇ ಮೊದಲ ಆದ್ಯತೆ. ಅದು ಸಹಜ. ಪ್ರತಿ ರ‍್ಯಾಂಪ್ ತಪಾಸಣೆ ಅವರಿಂದ ಆಗದು. ಆದರೆ ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಈ ಸೆಂಟರ್‌ಗಳು ಪಾಲಿಕೆಯ ಬಾಗಿಲಿಗೆ ಬರಬೇಕು. ಆ ಹೊತ್ತಿನಲ್ಲಿ ತೊಟ್ಟಿಯ ಫೋಟೋ, ಕೆಸರು ಕೊಟ್ಟ ರಸೀದಿ ಕೇಳಿದರೆ ಹೊಸ ಕಾನೂನೇ ಬೇಕಿಲ್ಲ.

ಮುಂದೆ ಏನಾಗಬಹುದು?

ಈಗಿರುವ ಹಾಗೆಯೇ ಬಿಟ್ಟು ದಂಡ ಮಾತ್ರ ಏರಿಸಿದರೆ ರಸ್ತೆ ಬದಿಯ ಸೆಂಟರ್‌ಗಳು ಪಾಲಿಕೆ ಗಡಿಯ ಆಚೆ, ಬೈಪಾಸ್ ಬದಿಯ ಹಳ್ಳಗಳ ಪಕ್ಕ ಸರಿಯುತ್ತವೆ. ಅಲ್ಲಿ ಯುಜಿಡಿಯೂ ಇಲ್ಲ, ನೋಡುವವರೂ ಇಲ್ಲ. ಹಾವೇರಿ ಕಡೆ ವರದಾ, ತುಂಗಭದ್ರೆಯ ದಂಡೆಯಲ್ಲಿ ಟ್ರ್ಯಾಕ್ಟರ್ ತೊಳೆಯುವ ರೂಢಿ ಇದ್ದೇ ಇದೆ. ಅದೇ ರೂಢಿ ವ್ಯಾಪಾರವಾಗಿ ಬೆಳೆದರೆ ಹಾನಿ ಈಗಿರುವುದಕ್ಕಿಂತ ಜಾಸ್ತಿ.

ಹಾಗಾಗದಿರಲು ಪಾಲಿಕೆ ಮಾಡಬೇಕಾದ ಕೆಲಸ ಎರಡು. ಶುದ್ಧೀಕರಣ ಘಟಕದ ಬಳಿ, ಎಣ್ಣೆ ಬೇರ್ಪಡಿಸುವ ತೊಟ್ಟಿಯ ಜೊತೆ, ತೊಳೆದ ನೀರು ತಂದು ಸುರಿಯಲು ಒಂದು ಅಧಿಕೃತ ಜಾಗ ಕೊಡಬೇಕು. ಡ್ರಮ್‌ಗೆ ಇಷ್ಟು ಎಂದು ಶುಲ್ಕ ಇಟ್ಟು ರಸೀದಿ ಕೊಡಲಿ. ಓಡಾಡುವ ಗುತ್ತಿಗೆದಾರರಿಗೆ ಆಗ ಕಾನೂನಿನ ಒಳಗೇ ದುಡಿಯುವ ದಾರಿ ಸಿಗುತ್ತದೆ. ಇನ್ನೊಂದು, ಸೆಂಟರ್‌ಗಳ ಕೆಸರನ್ನು ತಿಂಗಳಿಗೊಮ್ಮೆ ಒಟ್ಟಿಗೆ ಎತ್ತುವ ಗಾಡಿ. ಮಂಡಳಿಯ ಪರವಾನಗಿ ಇರುವ ಸಾಗಾಣಿಕೆದಾರರಿಗೆ ಗುತ್ತಿಗೆ ಕೊಟ್ಟು, ಸೆಂಟರ್‌ಗಳಿಂದಲೇ ಹಣ ಸಂಗ್ರಹಿಸಬಹುದು.

ದೊಡ್ಡ ಗಿರಾಕಿಗಳ ಪಾತ್ರವೂ ಇದೆ. ಹುಬ್ಬಳ್ಳಿ ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಇರುವ ಊರು, ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ಶೋರೂಂಗಳು, ಆಸ್ಪತ್ರೆಗಳು, ಕಾಲೇಜುಗಳೂ ತೊಳೆಯುವ ಕೆಲಸ ಗುತ್ತಿಗೆಗೆ ಕೊಡುತ್ತವೆ. ಟೆಂಡರ್‌ನಲ್ಲಿ ಅತಿ ಕಡಿಮೆ ದರ ಹಾಕಿದವರಿಗೇ ಕೆಲಸ ಎಂದರೆ ನೀರನ್ನು ಗಟಾರಕ್ಕೆ ಬಿಡುವವರೇ ಗೆಲ್ಲುತ್ತಾರೆ, ಯಾಕಂದ್ರೆ ವಿಲೇವಾರಿಯ ಖರ್ಚು ಅವರ ಲೆಕ್ಕದಲ್ಲಿ ಇರುವುದಿಲ್ಲ. ತೊಳೆದ ನೀರಿನ ವಿಲೇವಾರಿಗೆ ಟೆಂಡರ್‌ನಲ್ಲಿ ಪ್ರತ್ಯೇಕ ದರ ಕೇಳಿ, ರಸೀದಿ ತೋರಿಸಿದ ಮೇಲೆ ಆ ಹಣ ಕೊಡುವ ಪದ್ಧತಿ ಬಂದರೆ ಸರಿಯಾಗಿ ಕೆಲಸ ಮಾಡುವ ಗುತ್ತಿಗೆದಾರರೂ ಸ್ಪರ್ಧೆಯಲ್ಲಿ ಉಳಿಯುತ್ತಾರೆ. ಸಣ್ಣ ಅಪಾರ್ಟ್‌ಮೆಂಟ್ ಸಂಘವೂ ತನ್ನ ಮುಂದಿನ ಕೊಟೇಶನ್‌ನಲ್ಲಿ ಈ ಒಂದು ಸಾಲು ಕೇಳಬಹುದು.